ಫುಟ್‌ಬಾಲ್ ಸರ್ ಸಂದರ್ಶನಕ್ಕೆ ಬಂದಿದ್ದು

ಅವರ ಎಡ ಮೊಣಕಾಲು ಮಡಚಿದಾಗೆಲ್ಲ ಬಾಗಿಲ ಚಿಲಕ ಬಿದ್ದ ಹಾಗೆ ಸದ್ದು ಮಾಡುತ್ತಿತ್ತು. ಶಿರಸಿಯ ನಮ್ಮ ಶಾಲೆಯ ಸಮಿತಿಯೆದುರು ಆ ಸದ್ದು ಬಂದುಬಿಟ್ಟರೆ? ಅವರು ಬರಬೇಕಾದ ಸಿದ್ದಾಪುರದ ಬಸ್ಸು ಕೈಕೊಟ್ಟರೆ? ಸೀಟಿ ಊದುವಾಗ ಕಟ್ಟಿಸಿದ ಹಲ್ಲು ಹಾರಿ ಅಧ್ಯಕ್ಷರ ಕಾಲಬುಡದಲ್ಲಿ ಬಿದ್ದರೆ? ಮಕ್ಕಳಿಗೆ ಹಳೇ ಕಾಲದ ಬೈಗುಳ ಬೈದರೆ? ಮೂರು ದಿನ ಅನ್ನ ಕಲೆಸುತ್ತ ಇದನ್ನೇ ಯೋಚಿಸಿದೆ. "ಕೆಲಸ ಬೇಕಾಗಿದ್ದು ಅವರಿಗೋ ನಿಮಗೋ?" ಎಂದಳು ಹೆಂಡತಿ.

ಅವರಿಗೇ ಬೇಕಾಗಿತ್ತು. ಯಲ್ಲಾಪುರದ ಹೈಸ್ಕೂಲಿನಲ್ಲಿ ನಮಗೆ ಫುಟ್‌ಬಾಲ್ ಕಲಿಸಿದ ಸರ್. ನಿವೃತ್ತಿಯ ಮೇಲೂ ಎರಡು ಕಡೆ ಮುಖ್ಯ ಕೋಚ್ ಆಗಿದ್ದರು. ಆಮೇಲೆ ಅರ್ಜಿ ಹಾಕಿದಲ್ಲೆಲ್ಲ 'ತಿಳಿಸ್ತೇವೆ' ಎಂದರು, ತಿಳಿಸಲಿಲ್ಲ. ಅರವತ್ತೇಳಾಗಿತ್ತು. ನಾನು ಸಮಿತಿಯಲ್ಲಿದ್ದೇನೆಂದು ಗೊತ್ತಾಗಿ ಫೋನ್ ಮಾಡಿದರು: "ತಮಾ, ಶಿಫಾರಸು ಎಲ್ಲ ಬ್ಯಾಡ. ಒಂದ್ಸಲ ಮೈದಾನಕ್ಕೆ ಇಳಿಯಲೆ ಬಿಡು, ಸಾಕು. ಇದೇ ಕಡೇದು."

ಹುಡುಗನಾಗಿದ್ದಾಗಲೂ ನಾನು ಹೀಗೇ. ನನ್ನನ್ನು ಗೋಲಿಗೆ ನಿಲ್ಲಿಸಿದಾಗ "ಈ ಪುಕ್ಕಲನ್ನಾ ಸರ್?" ಎಂದು ಉಳಿದವರು ನಕ್ಕಿದ್ದರು. "ನೀವೆಲ್ಲ ಬಾಲು ಬಂದಮೇಲೆ ನೋಡ್ತೀರಿ. ಇವ ನಾಳೆ ಬರೋ ಬಾಲಿಗೂ ಇವತ್ತೇ ಹೆದರ್ತಾನೆ. ಗೋಲಿಗೆ ಇವನೇ ಸೈ" ಎಂದಿದ್ದರು. ನನ್ನ ಪುಕ್ಕಲುತನಕ್ಕೆ ಜಗತ್ತಿನಲ್ಲಿ ಕೆಲಸ ಕೊಟ್ಟವರು ಅವರೊಬ್ಬರೇ.

ಸಂದರ್ಶನದ ದಿನ ಬಸ್ಸು ಸಮಯಕ್ಕೆ ಮೊದಲೇ ಬಂತು. ಹಲ್ಲು ಅದರ ಜಾಗದಲ್ಲೇ ಇತ್ತು. ಮೊಣಕಾಲು ಸದ್ದು ಮಾಡಿದ್ದರೂ ಮಕ್ಕಳ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಒದೆಯುವುದು ತಪ್ಪಿದ ಹುಡುಗಿಗೆ, "ಎಂತಾತು? ಬಾಲು ಬಿಸಿ ಇತ್ತಾ?" ಎಂದರು. ಅವಳು ನಕ್ಕು ಮತ್ತೆ ಒದ್ದಳು, ಗೋಲಾಯಿತು. ಅರ್ಧ ಗಂಟೆಯಲ್ಲಿ ಇಡೀ ಮೈದಾನ ಅವರ ಸೀಟಿಗೆ ಓಡುತ್ತಿತ್ತು. ಜಗಲಿಯಲ್ಲಿ ಪಕ್ಕಕ್ಕೆ ಕೂತಿದ್ದ ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಾಗಿ, "ವಯಸ್ಸಿಂದೇ ಯೋಚನೆ ಆಗಿತ್ತು ಮಾರಾಯ್ರೆ. ಇಲ್ಲ, ಗಟ್ಟಿ ಇದ್ದಾರೆ. ಇವರೇ ಆಗ್ಲಿ" ಎಂದರು.

ಆಗಲಿಲ್ಲ. ಕೆಲಸ ಮೂವತ್ತರ ತರುಣನೊಬ್ಬನಿಗೆ ಹೋಯಿತು. "ಆ ಹುಡುಗ ಚಲೋ ಇದ್ದ, ಬಿಡು" ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. ಮತ್ಯಾರೂ ಅವರನ್ನು ಕರೆಯಲಿಲ್ಲ. ಕಳೆದ ವರ್ಷ ತೀರಿಕೊಂಡರು. ಮನೆಗೆ ಹೋದಾಗ ಅವರ ಹೆಂಡತಿ, "ನಿಮ್ಮ ಮೇಲೆ ಭಾಳ ಅಭಿಮಾನ ಇತ್ತು ಅವರಿಗೆ" ಎಂದರು. ನಾನು ಚಾ ಅರ್ಧಕ್ಕೆ ಬಿಟ್ಟು ಎದ್ದುಬಂದೆ.

ಸಂದರ್ಶನದ ದಿನ ಆದದ್ದು ಇಷ್ಟೇ. ಮೈದಾನದಿಂದ ಜಗಲಿಗೆ ನಾಲ್ಕು ಮೆಟ್ಟಿಲು. ಆಟ ಮುಗಿಸಿ ಬಂದ ಸರ್ ಎರಡನ್ನು ಹತ್ತಿಯೇ ಆಗಿತ್ತು. ಯಾರೂ ಹೇಳದೆ ನಾನು ಎದ್ದು ಓಡಿ, "ನಿಧಾನ ಸರ್, ನಿಧಾನ" ಎನ್ನುತ್ತ ಅವರ ಮೊಣಕೈ ಹಿಡಿದುಕೊಂಡೆ.

"ಬಿಡಾ ತಮಾ" ಎಂದರು, ನನಗಷ್ಟೇ ಕೇಳುವಂತೆ.

ನಾನು ಬಿಡಲಿಲ್ಲ. ಹಿಂದಿನಿಂದ ಅಧ್ಯಕ್ಷರು, "ಪಾಪ, ಕುರ್ಚಿ ತನ್ನಿ, ಸುಸ್ತಾಗಿದೆ ಅವರಿಗೆ" ಎಂದರು. ಅಷ್ಟು ಜನರೆದುರು ನನ್ನ ಕೈ ಕೊಸರಿಕೊಳ್ಳುವುದು ಚೆನ್ನಾಗಿರದು ಎನ್ನಿಸಿತೇನೋ, ಉಳಿದೆರಡು ಮೆಟ್ಟಿಲನ್ನು ಅವರು ನನಗೆ ಆತುಕೊಂಡೇ ಹತ್ತಿದರು.