ಮೂವತ್ತಾರು ನಂಬರಿನ ಬಾಡಿ

ರವಿಕೆ ಒಳಗೆ ಹಾಕೋ ಬಾಡಿ ಹೆಸರನ್ನ ನಮ್ಮ ಕಡೆ ಹೆಂಗಸ್ರು ಬಾಯಿ ಬಿಟ್ಟು ಹೇಳಲ್ಲ. 'ಒಳಗಿಂದು' ಅಂತೀವಿ, ಅದೂ ಪಿಸುಮಾತಲ್ಲಿ. ನಾನು ಯಶೋಧಾ, ಹೊಸನಗರ ಬಸ್ ಸ್ಟ್ಯಾಂಡ್ ಹಿಂದೆ ಇಪ್ಪತ್ತೆರಡು ವರ್ಷದಿಂದ ರವಿಕೆ ಹೊಲಿಯೋಳು. ಟೈಲರ್ ಆದ್ರೂ ನನ್ನ ಬಾಯಲ್ಲೂ ಆ ಮಾತು ಬರ್ತಿರ್ಲಿಲ್ಲ. ಯಾರ ಮೈಗೂ ಟೇಪ್ ಹಿಡಿಯೋ ಪ್ರಮೇಯವೇ ಇಲ್ಲ ಬಿಡಿ. ಎಲ್ರೂ ಅಳತೆ ರವಿಕೆ ಅಂತ ಹಳೇದೊಂದು ತಂದು ಕೊಡ್ತಾರೆ, ಮೇಜಿನ ಮೇಲೆ ಹಾಸಿ ಅಳೀತೀನಿ. ಮುಂದೆ ದಪ್ಪ ಆದ್ರೆ ಬಿಚ್ಚೋಕೆ ಇರ್ಲಿ ಅಂತ ಒಳಗೆ ಬಟ್ಟೆ ಬಿಟ್ಟು ಹೊಲೀತೀನಿ.

ನನ್ನ ಮಗಳು ಸ್ವಪ್ನಾ ಪೊಲೀಸ್ ಪರೀಕ್ಷೆ ಬರೆದು ಪಾಸಾದ್ಲು. ಉಳಿದಿದ್ದು ಶಿವಮೊಗ್ಗದಲ್ಲಿ ಓಟ. ನಾನೂರು ಮೀಟರ್, ಎರಡು ನಿಮಿಷದೊಳಗೆ. ದಿನಾ ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ಓಡ್ತಿದ್ಲು. ಒಂದಿನ ಹಾಲು ತರೋಕೆ ಹೋದೋಳು ನೋಡಿದೆ. ನೋಡಿ ಸುಮ್ನೆ ಬರೋದಲ್ವಾ? ಮನೆಗೆ ಬಂದ್ಮೇಲೆ, "ಹಂಗೆ ಕುಣಿಸ್ಕೊಂಡು ಓಡ್ಬೇಡ, ನೋಡೋರಿಗೆ ಚೆಂದ ಕಾಣಲ್ಲ" ಅಂದೆ. ಹೆತ್ತ ಮಗಳಿಗೆ ಅಂದ ಮಾತು ಅದು. ಈಗ ನೆನೆಸ್ಕೊಂಡ್ರೆ ನನ್ನ ನಾಲಿಗೆಗೆ ಬರೆ ಎಳೀಬೇಕು ಅನ್ನಿಸ್ತದೆ.

ಮಾರನೇ ದಿನದಿಂದ ಹುಡುಗಿ ಎರಡೆರಡು ಒಳಗಿಂದು ಒಂದರ ಮೇಲೊಂದು ಹಾಕ್ಕೊಂಡು, ಬೆನ್ನು ಬಗ್ಗಿಸ್ಕೊಂಡು ಓಡೋಕೆ ಶುರು ಮಾಡಿದ್ಲು. ಉಸಿರು ಕಟ್ತಿತ್ತು. ಕೊನೆಗೆ ಅವಳೇ, "ಅಮ್ಮಾ, ಓಡೋರಿಗೆ ಅಂತಲೇ ಸ್ಪೋರ್ಟ್ಸ್ ಬ್ರಾ ಬರ್ತದೆ. ಒಂದು ಬೇಕು. ನಾನೂ ಬರ್ತೀನಿ, ಹಾಕಿ ನೋಡಿ ತಗೋಬೇಕಂತೆ" ಅಂದ್ಲು.

"ಅಂಗಡೀಲಿ ಹಾಕಿ ನೋಡೋದಾ? ಮರ್ಯಾದೆ ಬೇಡ್ವಾ?" ಅಂತ ಬೈದು ನಾನೊಬ್ಳೇ ಹೊರಟೆ. ಹೊಸನಗರದಲ್ಲಿ ಕೇಳಿದ್ರೆ ಗುರುತಿನೋರು ಸಿಗ್ತಾರೆ ಅಂತ ಸಾಗರಕ್ಕೆ ಹೋದೆ. ಅಲ್ಲಿ ಅಂಗಡೀಲಿ ಇದ್ದೋನು ಗಂಡಸು. "ಓಡೋ ಹುಡುಗೀಗೆ, ಒಳಗಿಂದು" ಅಂದೆ. ನಂಬರ್ ಎಷ್ಟು ಅಂದ. ಸ್ವಪ್ನಾಳ ರವಿಕೆ ಎದೆ ಅಳತೆ ಮೂವತ್ತನಾಲ್ಕು ಅಂತ ಗೊತ್ತಿತ್ತು. ರವಿಕೆಗೆ ಬಿಡೋ ಹಂಗೆ ಇದಕ್ಕೂ ಎರಡು ಸೇರಿಸಿ, "ಮೂವತ್ತಾರು" ಅಂದ್ಬಿಟ್ಟೆ. ಡಬ್ಬಿ ಮೇಲೆ ಎಲ್ಲಿ ಹೇಗೆ ಅಳೀಬೇಕು ಅಂತ ಚಿತ್ರ ಇತ್ತು. ಹೆಂಗಸಿನ ಫೋಟೋನೂ ಇತ್ತಲ್ಲ, ಬಸ್ಸಲ್ಲಿ ಯಾರಾದ್ರೂ ನೋಡಿಯಾರು ಅಂತ ಡಬ್ಬಿ ಅಲ್ಲೇ ಬಿಸಾಕಿ, ಬಟ್ಟೆ ಮಾತ್ರ ಪೇಪರಲ್ಲಿ ಸುತ್ಕೊಂಡು ಬಂದೆ.

ಸ್ವಪ್ನಾ ಹಾಕ್ಕೊಂಡು ನೋಡಿ, "ಲೂಸ್ ಇದೆ ಅನ್ಸತ್ತೆ ಅಮ್ಮಾ" ಅಂದ್ಲು.

"ಇರ್ಲಿ ಬಿಡು. ಬಿಗಿ ಇದ್ರೆ ಎದ್ದು ಕಾಣತ್ತೆ" ಅಂದೆ.

ಓಟದ ದಿನ ನಾನು ಗೇಟ್ ಹೊರಗೆ ಕಾಯ್ತಿದ್ದೆ. ಸ್ವಪ್ನಾ ಕೆಂಪಗಾಗಿ ಆಚೆ ಬಂದ್ಲು. ಎರಡು ನಿಮಿಷ ನಾಲ್ಕು ಸೆಕೆಂಡು. ಬಸ್ಸಲ್ಲಿ ಕಿಟಕಿ ಕಡೆ ಮುಖ ಮಾಡ್ಕೊಂಡೇ ಹೇಳಿದ್ಲು: ಮುನ್ನೂರು ಮೀಟರ್ ಹತ್ರ ಅದರ ಪಟ್ಟಿ ಮೇಲಕ್ಕೆ ಸರೀತಂತೆ, ಅಷ್ಟು ಜನರ ಎದುರು ಟೀ ಶರ್ಟ್ ಒಳಗೆ ಕೈ ಹಾಕಿ ಎಳ್ಕೊಂಡು ಓಡಿದ್ಲಂತೆ. ಒಂದು ಕೈ ಬೀಸದೆ ಯಾರು ತಾನೇ ಓಡಿಯಾರು? ನಾನು ಸೀರೆ ಸೆರಗು ತಿರುಚ್ತಾ ಕೂತೆ.

ಮನೇಲಿ ಅವರಪ್ಪ ಯಾಕೆ ಸೋತೆ ಅಂತ ಕೇಳಿದ್ರು. "ಕಾಲು ಉಳುಕ್ತು ಅಪ್ಪ" ಅಂದ್ಲು ಸ್ವಪ್ನಾ. ಸ್ವಲ್ಪ ಕುಂಟಿ ತೋರಿಸಿದ್ಲು ಕೂಡ. ನಾನು ನೀರು ತರೋ ನೆಪದಲ್ಲಿ ಒಳಗೆ ಹೋದೆ.

ಸಂಜೆ ಅಂಗಡಿ ಬಾಗಿಲು ಹಾಕಿ ಅವಳನ್ನ ನಿಲ್ಲಿಸಿ, ಹುಟ್ಟಿದಾಗಿಂದ ಮೊದಲ ಸಲ ನನ್ನ ಮಗಳ ಮೈಗೆ ಟೇಪ್ ಹಿಡಿದೆ. ಎದೆ ಕೆಳಗೆ ಚರ್ಮ ಕಿತ್ತು ಗೆರೆ ಬಿದ್ದಿತ್ತು. ಆ ಗೆರೆ ಮೇಲೇ ಅಳೆದ್ರೆ ಇಪ್ಪತ್ತೊಂಬತ್ತು. ಆಗ ತಲೆಗೆ ಹೋಯ್ತು. ರವಿಕೆ ನಿಲ್ಲೋದು ಹೆಗಲ ಮೇಲೆ, ಇದು ನಿಲ್ಲೋದು ಎದೆ ಕೆಳಗಿನ ಪಟ್ಟಿ ಮೇಲೆ, ನಂಬರೂ ಆ ಪಟ್ಟಿದೇ. ಆ ಪಟ್ಟಿ ಎರಡು ಬೆರಳು ತೂರುವಷ್ಟೇ ಬಿಗಿ ಇರ್ಬೇಕು, ಕೈ ಎತ್ತಿ ಜಿಗಿದ್ರೂ ಕದಲಬಾರದು. ಇಷ್ಟು ತಿಳಿಯೋಕೆ ಟೈಲರೇ ಆಗ್ಬೇಕಿರ್ಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅಂದ್ರೆ ನಾನೇ.

ಗೊತ್ತಾದ್ಮೇಲಾದ್ರೂ ಹೇಳಿದ್ನಾ? ಇಲ್ಲ. ಎರಡು ದಿನ ಹುಡುಗಿ ಮನೆ ತುಂಬ ಕುಂಟಿದ್ಲು. ನಮ್ಮತ್ತೆ ಮಾಸ್ತಮ್ಮ ಪಾಪ ಕೊಬ್ಬರಿ ಎಣ್ಣೆ ಬಿಸಿ ಮಾಡಿ, ಏನೂ ಆಗದ ಆ ಕಾಲನ್ನ ತೊಡೆ ಮೇಲಿಟ್ಕೊಂಡು ತಿಕ್ಕಿದ್ದೇ ತಿಕ್ಕಿದ್ದು.

ಮೂರನೇ ದಿನ ಊಟಕ್ಕೆ ಕೂತಾಗ ನಮ್ಮನೆಯೋರು ಅಂದ್ರು, "ಓಡೋಕಾಗದ ಕಾಲಿಗೆ ಪೊಲೀಸ್ ಬೂಟ್ ಯಾಕೆ? ಇನ್ನೊಂದ್ಸಲ ಅರ್ಜಿ ಅದು ಇದು ಬೇಡ. ಭಾನುವಾರ ಮೇಗರವಳ್ಳಿಯಿಂದ ಗಂಡಿನ ಕಡೆಯೋರು ಬರ್ತಾರೆ."

ಸ್ವಪ್ನಾ ಅಜ್ಜಿ ಪಕ್ಕ ಕಾಲು ಚಾಚ್ಕೊಂಡು ಎಣ್ಣೆ ತಿಕ್ಕಿಸ್ಕೊಳ್ತಾ ಕೂತಿದ್ಲು. ಅಪ್ಪನ್ನ ನೋಡ್ಲಿಲ್ಲ, ನನ್ನನ್ನ ನೋಡಿದ್ಲು.

"ಅವಳ ಕಾಲಿಗೆ ಏನೂ ಆಗಿಲ್ಲ" ಅಂದೆ. "ನಾನು ತಂದ ಬಾಡಿ ದೊಡ್ಡದಾಯ್ತು. ಓಡುವಾಗ ಮೇಲೆ ಸರೀತು. ಅದಕ್ಕೆ ಸೋತಿದ್ದು." ಗಂಡನ ಎದುರು, ಅತ್ತೆ ಎದುರು, ಅನ್ನ ಬಡಿಸೋ ಕೈಯಲ್ಲಿ ಸೌಟು ಹಿಡ್ಕೊಂಡು ಹೇಳಿದೆ. ನೆಲ ಬಾಯಿ ಬಿಟ್ಟಿದ್ರೆ ಇಳಿದು ಹೋಗ್ತಿದ್ದೆ.

ನಮ್ಮನೆಯೋರು ಕಲಸಿದ ತುತ್ತು ತಟ್ಟೆಗೇ ಇಟ್ರು. ಆಮೇಲೆ ನಿಧಾನಕ್ಕೆ, "ಊರಿಗೆಲ್ಲ ಅಳತೆ ನೋಡೋಳಲ್ವೇನೆ ನೀನು?" ಅಂದ್ರು. ಮೇಗರವಳ್ಳಿಯೋರಿಗೆ ಈಗ ಬೇಡ ಅಂತ ಫೋನ್ ಮಾಡೋಕೆ ಅವರು ಎದ್ದು ಹೊರಗೆ ಹೋದ್ರು.

ಅತ್ತೆ ಎಣ್ಣೆ ಕೈ ಹಿಂದಕ್ಕೆ ತಗೊಂಡ್ರು. ಸ್ವಪ್ನಾ ಕಾಲು ಎಳ್ಕೊಂಡು ಎದ್ದು, ನೆಟ್ಟಗೆ ನಡೆದು ಒಳಗೆ ಹೋದ್ಲು. ಎರಡು ದಿನ ನನ್ನ ಮಾನ ಉಳಿಸೋಕೆ ಕುಂಟಿದ್ಲು ನನ್ನ ಮಗಳು, ನಾನು ನೋಡ್ಕೊಂಡು ಸುಮ್ನಿದ್ದೆ.