ತಲೆ ನೆನೆಯದ ಸ್ನಾನಕ್ಕೆ ಚೆಕ್ ಇಲ್ಲ

ಗೆಳೆಯರೇ, ಇಂದು ಅಮೆರಿಕದ ಗಾಲ್ವೆಸ್ಟನ್ ಕಡಲಿನಲ್ಲಿ ಮುಳುಗೆದ್ದು ಬಂದಿದ್ದೇನೆ, ಹಲ್ಲುಗಳು ಇನ್ನೂ ತಾಳ ಹಾಕುತ್ತಿವೆ. ಕಡಲಿಗೆ ಕೊಳಕು ಸುರಿಯುವವರ ವಿರುದ್ಧ ಹೋರಾಡಲು ಹಣ ಬೇಕೆಂದು, ಜನವರಿಯಲ್ಲಿ ನೀರಿಗಿಳಿದು, ಇಳಿದದ್ದಕ್ಕೆ ಪರಿಚಿತರಿಂದ ದೇಣಿಗೆ ಪಡೆಯುವುದು ನಮ್ಮ ಕಾಲೇಜಿನವರ ಯೋಜನೆ. ಚಳವಳಿಗೂ ಚಳಿಗೂ ಇಷ್ಟು ಹತ್ತಿರದ ನಂಟೆಂದು ಇಂದೇ ತಿಳಿದದ್ದು. ಹ್ಯೂಸ್ಟನ್ನಿನ ತೈಲ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿರುವ ಶ್ರೀಪತಿ ಅಂಕಲ್, "ಕಡಲಿಗೇನಾಗಿದೆಯೋ? ಶುದ್ಧವಾಗೇ ಇದೆ" ಎಂದು ನಗುತ್ತಲೇ ಚೆಕ್ ಕೊಡಲೊಪ್ಪಿ, ತಾವೇ ಡ್ರೈವ್ ಮಾಡಿಕೊಂಡು ನನ್ನನ್ನು ಕರೆತಂದಿದ್ದರು.

ಅಮೆರಿಕನ್ ಹುಡುಗರು ಸೊಂಟದವರೆಗೆ ಇಳಿದು, ಕಿರುಚಿ, ದಡಕ್ಕೆ ಓಡಿದರು. ನಾನೂ ಓಡಿದೆ. ಅಂಕಲ್ ಚೆಕ್ಕನ್ನು ಜೇಬಿಗಿಳಿಸಿದರು.

"ತಲೆ ನೆನೀಲೇ ಇಲ್ಲ. ಇದ್ಯಾವ ಸೀಮೆ ಸ್ನಾನವೋ? ಮೂರು ಸಲ ಮುಳುಗಿ ಏಳ್ಬೇಕು!"

"ಅಂಕಲ್, ನಾನು ಪುಣ್ಯಕ್ಕೆ ಬಂದಿಲ್ಲ, ಹಣಕ್ಕೆ ಬಂದಿದೀನಿ!"

"ಹಾಗಾದ್ರೆ ಮುಳುಗು. ಇಲ್ದಿದ್ರೆ ಮನೆಗೆ ನಡಿ."

ಛಲ ಬಂತು. ಮತ್ತೆ ನುಗ್ಗಿ ಮೂರು ಸಲ ಮುಳುಗಿದೆ. ಎದ್ದಾಗ ಕೂದಲು, ಕತ್ತು, ಬೆನ್ನಿಗೆಲ್ಲ ನೀರಿನಲ್ಲಿ ತೇಲುತ್ತಿದ್ದ, ಸೋರಿದ ತೈಲದ ಕರಿ ಡಾಂಬರು ಮೆತ್ತಿಕೊಂಡಿತ್ತು. ಅಂಕಲ್ ಚೆಕ್ಕನ್ನೇನೋ ಕೊಟ್ಟರು, ಆದರೆ ಕಾರಿನ ಬಾಗಿಲಿಗೆ ಅಡ್ಡ ನಿಂತರು.

"ಅಯ್ಯೋ, ಹೊಸ ಸೀಟು ಕಣೋ! ಒರಗ್ಬೇಡ, ಕಲೆ ಹೋಗಲ್ಲ!"

"ಸೀಟಿಗಾದ್ರೆ ಕಲೆ, ಕಡಲಿಗಾದ್ರೆ ಏನೂ ಇಲ್ವಾ ಅಂಕಲ್?" ಎಂದು ಪಕ್ಕದಿಂದ ನುಸುಳಿ, ಹಿಂದಿನ ಸೀಟಿಗೆ ಹಾಯಾಗಿ ಒರಗಿ ಕೂತೆ.

ಹ್ಯೂಸ್ಟನ್ ಬರುವವರೆಗೂ ಅವರು ಕನ್ನಡಿಯಲ್ಲಿ ಸೀಟನ್ನೇ ನೋಡುತ್ತಿದ್ದರು. ಅಷ್ಟೇ ಮಮಕಾರ ಕಡಲಿನ ಮೇಲಿದ್ದಿದ್ದರೆ, ನಾನಿಂದು ಮನೆಯಲ್ಲೇ ಬಿಸಿನೀರಿನಲ್ಲಿ ಮೀಯುತ್ತಿದ್ದೆ.