ಗೊನೆ ಇಳಿಯುವ ತನಕ

ಮೊನ್ನೆ ಚಳಿ ಜಾಸ್ತಿಯಾಯಿತೆಂದು ಹಿತ್ತಲ ಬಾಳೆಗೊನೆಗೆ ಗೋಣಿಚೀಲ ಸುತ್ತುತ್ತಿದ್ದೆ. ಇಬ್ಬನಿಗೆ ನೆನೆದ ಗೋಣಿಯ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ಚನ್ನಗಿರಿಯ ನಮ್ಮ ಮನೆ ಮಾಲೀಕರು ನೆನಪಿಗೆ ಬಂದರು. ಕರೆಯದೆ ಬರುವುದು ಅವರ ಹಳೆಯ ಅಭ್ಯಾಸ... ಅದೂ ಹಿತ್ತಲ ಬಾಗಿಲಿನಿಂದ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿ ಮೇಷ್ಟ್ರಾಗಿ ಅವರ ಮನೆಯಲ್ಲಿ ಬಾಡಿಗೆಗಿದ್ದೆ. ಕೆರೆಬಿಳಚಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಒಂದು ಬಾಳೆಕಂದನ್ನು ಹಿತ್ತಲಲ್ಲಿ ನೆಟ್ಟೆ. ಈ ವಿದ್ಯೆಯಲ್ಲಿ ನನಗೆ ದೀಕ್ಷೆ ಕೊಟ್ಟ ಗುರುಗಳು ಮಾಲೀಕರೇ. ಅಡಿಕೆ ಮಂಡಿಗೆ ಹೋಗುವ ಮುನ್ನ ದಿನಾ ಬೆಳಿಗ್ಗೆ ಬಂದು ಪಾಠ ಹೇಳುವರು. ಚಳಿಗಾಲದಲ್ಲಿ ಸಂಜೆ ನೀರು ಹಾಕಬಾರದು. ಬುಡಕ್ಕೆ ತರಗೆಲೆ ಮುಚ್ಚಬೇಕು. ಎಲೆ ಹಳದಿಯಾದರೆ ಗಾಬರಿ ಬೀಳಬಾರದು. "ಕಾಯಿ ಮೈಮೇಲಿನ ಏಣು ಹೋಗಿ ಗುಂಡಗಾಗೋತನಕ ಗೊನೆಗೆ ಕುಡುಗೋಲು ಮುಟ್ಟಿಸಬಾರ್ದು ಮೇಷ್ಟ್ರೇ, ಪಾಪ ಬರತೈತೆ." ವಿಧೇಯ ಶಿಷ್ಯನಾದ ನಾನು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ.

ದೀಪಾವಳಿ ಹೊತ್ತಿಗೆ ಗೊನೆ ಹೊರಬಿತ್ತು. ಅದೇ ವಾರ ಮಾಲೀಕರು, ಮಗಳು ಅಳಿಯ ಬರುತ್ತಾರೆ, ಮನೆ ಬೇಕು ಎಂದರು. ನನ್ನ ಹೆಂಡತಿಗೆ ಆಗ ನಾಲ್ಕು ತುಂಬಿತ್ತು. ತಾಯಿಯಿಲ್ಲದ ಅವಳಿಗೆ ಹೆರಿಗೆಗೆ ಹೋಗಲು ತವರೆಂಬುದಿರಲಿಲ್ಲ. ಬಸುರಿಯಿರುವಾಗ ಮನೆ ಬದಲಿಸಬಾರದೆಂಬ ಭಯ ಬೇರೆ. ಅವಳ ಮುಖ ನೋಡಿ ಮಾಲೀಕರು ಕರಗಿದರು. "ನೀವೇ ನೆಟ್ಟ ಬಾಳೆ. ಆ ಗೊನೆ ಇಳಿಯೋತನಕ ಇರ್ರಿ, ಯಾರು ಬ್ಯಾಡ ಅಂತಾರೆ?"

ಅವರ ಅಂದಾಜಿನಲ್ಲಿ ಅದು ಸಂಕ್ರಾಂತಿ ಕಳೆದು ಒಂದೆರಡು ವಾರ. ಹೆರಿಗೆ ಯುಗಾದಿಗೆ. ನಡುವಿನ ದಿನಗಳನ್ನು ತುಂಬಿಕೊಡಲು ದೇವರೇ ಬರಬೇಕಿತ್ತು. ಬಂದದ್ದು ಚಳಿ. ಎಲೆಗಳ ಅಂಚು ಕಪ್ಪಾಯಿತು. ಕಾಯಿ ಕಡ್ಡಿಯಂತೆ ಇದ್ದಲ್ಲೇ ನಿಂತವು. ಊರೆಲ್ಲ ಚಳಿಗೆ ಶಾಪ ಹಾಕುತ್ತಿದ್ದಾಗ ನಾನೊಬ್ಬ ಮಾತ್ರ ಶಾಲು ಹೊದ್ದು, ಮೂಗು ಒರೆಸಿಕೊಳ್ಳುತ್ತ, ಅದರ ಆಯುರಾರೋಗ್ಯಕ್ಕೆ ಪ್ರಾರ್ಥಿಸುತ್ತಿದ್ದೆ.

ಸಂಕ್ರಾಂತಿಯ ಮರುದಿನ ಮಾಲೀಕರು ಗೋಣಿಚೀಲ ತಂದರು. "ಬೆಚ್ಚಗಿದ್ರೆ ಬಲಿಯಾಕೆ ಹುರುಪು ಬರತೈತೆ" ಎಂದು ಗೊನೆಗೆ ಸುತ್ತಿದರು. ಗಂಟು ಹಾಕುವುದನ್ನೂ ಕಲಿಸಿದರು. ಗಿಡದ ಮೇಲೆ ಎಂಥ ಮಮತೆ ಎಂದುಕೊಂಡೆ. ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡಿದ್ದವನು ನಾನೇ...

ಎರಡು ವಾರದ ಮೇಲೆ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಬಂದರೆ ಗೊನೆ ಹೊಸ್ತಿಲ ಪಕ್ಕ ಒರಗಿತ್ತು. ಮಾಲೀಕರು ಗೋಣಿಚೀಲ ಮಡಿಸುತ್ತಿದ್ದರು. ಕಾಯಿ ಮುಟ್ಟಿ ನೋಡಿದೆ.

"ಏಣು ಹಂಗೇ ಐತಲ್ರೀ ಸಾವ್ಕಾರ್ರೇ?"

"ಚಳಿ ಹೊಡೆದ ಗೊನೆ ಇನ್ನೇನು ಬಲಿತೈತೆ ಮೇಷ್ಟ್ರೇ. ನಾನು ಮಾತಿಗೆ ತಪ್ಪೋನಲ್ಲ. ಇಳೀತು ನೋಡ್ರಿ."

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಎಂದೂ ಅವರೆದುರು ಬಾಯಿಬಿಟ್ಟವಳಲ್ಲ. ಅಂದು ಹೇಳಿದಳು: "ಅದಕ್ಕೂ ತಿಂಗಳು ತುಂಬಿಲ್ಲ, ನಂಗೂ ತುಂಬಿಲ್ಲ. ಹೆಂಗ್ರೀ ಮನಸ್ಸು ಬಂತು?"

ಮಾಲೀಕರು ಮಡಿಸಿದ ಚೀಲವನ್ನೇ ಬಿಚ್ಚಿ ಮತ್ತೆ ಮಡಿಸಿದರು.

ಮುಂದಿನ ವಾರ ನಮ್ಮ ಪಾತ್ರೆಪಡಗ ಎತ್ತಿನಗಾಡಿ ಏರಿ ಇನ್ನೊಂದು ಬೀದಿಗೆ ಹೊರಟವು. ಮೇಲೆ ಉತ್ಸವಮೂರ್ತಿಯಂತೆ ಆ ಗೊನೆ. ಹುಲ್ಲಿನಲ್ಲಿ ಮುಚ್ಚಿಟ್ಟರೂ ಹಣ್ಣಾಗಲಿಲ್ಲ, ಕಪ್ಪಾಗಿ ಮುರುಟಿತು. ಯುಗಾದಿ ಕಳೆದು ಮಗಳು ಸುಖವಾಗಿಯೇ ಹುಟ್ಟಿದಳು. ಮಾಲೀಕರು ತೊಟ್ಟಿಲಿಗೆಂದು ಒಂದು ಚಿಪ್ಪು ಹಣ್ಣು ಕಳಿಸಿದರು. ಏಣೇ ಇಲ್ಲದ, ದುಂಡು ದುಂಡಾದ ಹಣ್ಣು. ಬಂದವರ ಕೈಯಲ್ಲೇ ವಾಪಸ್ಸು ಕಳಿಸಿದೆ.

ಅವರು ತೀರಿಕೊಂಡ ಸುದ್ದಿ ಬಂದಾಗಲೂ ನಾನು ಹೋಗಲಿಲ್ಲ. ಬರೀ ಮನೆ ಹೋಗಿದ್ದರೆ ಇಷ್ಟು ವರ್ಷದ ಸಿಟ್ಟು ಬೇಕಿರಲಿಲ್ಲ. ಬೆಳಗಿನ ಆ ಪಾಠವೂ ಹೋಯಿತಲ್ಲ...

ಮೊನ್ನೆ ಹಗ್ಗದ ತುದಿ ಹಿಡಿದಿದ್ದ ಹೆಂಡತಿ ನನ್ನ ಕೈಯನ್ನೇ ನೋಡುತ್ತಿದ್ದಳು. "ಅವ್ರು ಹಾಕಿದಂಗೇ ಹಾಕ್ತೀರಲ್ರೀ" ಎಂದಳು.

ಏನು ಮಾಡಲಿ, ನನಗೆ ಬೇರೆ ಗಂಟು ಬರುವುದಿಲ್ಲ.